ಯೀಸ್ಟ್ ಪಾಠದಲ್ಲಿ ನಾನು ಕಲಿತದ್ದು

ಮಧುಗಿರಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಅಭ್ಯಾಸ ಪಾಠ ಮಾಡುವಾಗ, "ಹೆಪಟೈಟಿಸ್-ಬಿ ಲಸಿಕೆಗಾಗಿ ಯೀಸ್ಟ್‌ನಲ್ಲಿ ವೈರಸ್ ಬೆಳೆಸುತ್ತಾರೆ" ಎಂದುಬಿಟ್ಟೆ. ವಿದ್ಯಾರ್ಥಿನಿಯೊಬ್ಬಳು ಎದ್ದು, "ನಮ್ಮ ಪಾಪುಗೆ ವೈರಸ್ಸನ್ನೇ ಚುಚ್ಚಿದ್ರಾ ಸಾರ್?" ಎಂದಳು. ನನಗೆ ಉತ್ತರ ತೋಚಲಿಲ್ಲ.

ಮರುದಿನ ತಪ್ಪು ಒಪ್ಪಿಕೊಂಡೇ ಪಾಠ ಆರಂಭಿಸಿದೆ. ಕಪ್ಪುಹಲಗೆಯಲ್ಲಿ ವೈರಸ್ ಚಿತ್ರ ಬರೆದು, ಹೊರಮೈಯ ಪ್ರೋಟೀನ್ ಬಿಟ್ಟು ಉಳಿದದ್ದನ್ನೆಲ್ಲ ಒರೆಸಿದೆ. ಯೀಸ್ಟ್‌ಗೆ ಸೇರಿಸುವುದು ಆ ಪ್ರೋಟೀನಿನ ಜೀನ್ ಮಾತ್ರ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಹೊರತಂದ ಲಸಿಕೆಯೂ ಹೀಗೆಯೇ ತಯಾರಾದದ್ದು. ವೈರಸ್ಸಿನ ಕಿಣ್ವಗಳನ್ನೂ ಇದೇ ರೀತಿ ಯೀಸ್ಟ್‌ನಲ್ಲಿ ತಯಾರಿಸಿ, ಇಡೀ ವೈರಸ್ ಇಲ್ಲದೆಯೇ ಅವುಗಳ ಕೆಲಸವನ್ನು ಪ್ರಯೋಗಾಲಯದಲ್ಲಿ ಅಭ್ಯಸಿಸುತ್ತಾರೆ ಎಂದೆ.

"ಹಂಗಾದ್ರೆ ಕೊಟ್ಟಿದ್ದು ಕಳ್ಳನ ಅಂಗಿ ಸಾರ್, ಕಳ್ಳನ್ನಲ್ಲ" ಎಂದಳು ಅವಳು.

ಪಾಠಯೋಜನೆಯಲ್ಲಿ ಮಕ್ಕಳು ತಪ್ಪು ತಿಳಿಯಬಹುದಾದ ಅಂಶಗಳನ್ನು ಬರೆಯುತ್ತಿದ್ದೆ. ಈಗ ನಾನು ತಪ್ಪು ಹೇಳಬಹುದಾದ ಮಾತುಗಳನ್ನೂ ಬರೆದುಕೊಳ್ಳುತ್ತೇನೆ.