ಬಾಗಿಲ ಒಳಗಿನ ಕೆಲಸ

ಭದ್ರಾವತಿಯಲ್ಲಿ ಸ್ಪ್ಯಾನರ್ ಇಲ್ಲದ ಮನೆ ಸಿಗುವುದು ಕಷ್ಟವಾಗಿದ್ದ ಕಾಲವೊಂದಿತ್ತು. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಪೇಪರ್ ಮಿಲ್ ಎರಡೂ ಸೇರಿ ಈ ಊರಿಗೆ ಫಿಟ್ಟರ್, ಟರ್ನರ್, ವೆಲ್ಡರ್‌ಗಳ ತಲೆಮಾರುಗಳನ್ನೇ ಕೊಟ್ಟವು. ಶಿಫ್ಟ್ ಮುಗಿಸಿ ಬಂದವರು ಪಂಪು, ಮಿಕ್ಸಿ, ಸ್ಕೂಟರು ಏನು ಕೆಟ್ಟರೂ ಅಂಗಳದಲ್ಲೇ ಬಿಚ್ಚಿ ಕೂರುತ್ತಿದ್ದರು. ಅಂಥ ಕ್ವಾರ್ಟರ್ಸಿನಲ್ಲಿ ಬೆಳೆದ ನಾನು, ಕಾರಿನ ಕಿಟಕಿಗೆ ಗಾಜು ಹಾಕುವ ಕಸುಬು ಕಣ್ಣೆದುರೇ ಬೇರೆಯಾದದ್ದನ್ನು ನೋಡಿದ್ದೇನೆ.

ಅಂಬಾಸಿಡರ್, ಫಿಯೆಟ್‌ಗಳ ಕಾಲದಲ್ಲಿ ಬಾಗಿಲ ಗಾಜು ಹೆಚ್ಚುಕಮ್ಮಿ ಚಪ್ಪಟೆ. ಹಿಂಬಾಗಿಲ ಗಾಜು ಒಡೆದರೆ ಟ್ಯಾಕ್ಸಿಯವರು ನೇರವಾಗಿ ಹೋಗುತ್ತಿದ್ದುದು ಬಿ.ಎಚ್. ರಸ್ತೆಯಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಗೆ. ಆತ ಇನ್ನೊಂದು ಬದಿಯ ಗಾಜಿಗೆ ರಟ್ಟು ಹಿಡಿದು ಅಳತೆ ತೆಗೆಯುತ್ತಿದ್ದ. ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒಂದೇ ಉಸಿರಿಗೆ ಗೆರೆ ಎಳೆದು, ಕೆಳಗಿನಿಂದ ಮೆಲ್ಲಗೆ ತಟ್ಟಿದರೆ ಗಾಜು ಗೆರೆಗುಂಟ ಬಿಡುತ್ತಿತ್ತು. ಅಂಚನ್ನು ಸಾಣೆಕಲ್ಲಿಗೆ ಉಜ್ಜಿ ಕೊಟ್ಟರೆ ಸಂಜೆಯೊಳಗೆ ಕಾರು ಬಾಡಿಗೆಗೆ ಸಿದ್ಧ. ಆ ಕೈಚಳಕ ದೊಡ್ಡದು. ಆದರೆ ಅಪಾಯವೂ ಅಷ್ಟೇ ದೊಡ್ಡದು. ಸಾದಾ ಗಾಜು ಒಡೆದಾಗ ಉದ್ದುದ್ದ ಚೂರಿಯಂಥ ತುಂಡುಗಳಾಗುತ್ತದೆ. ಹಿಂದಿನ ಸೀಟಿನಲ್ಲಿ ಕೂರುವವರು ಮಕ್ಕಳು, ಮುದುಕರು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ನಿಧಾನವಾಗಿ ನಮ್ಮ ಕಡೆಯ ರಸ್ತೆಗಳಿಗೂ ಇಳಿಯಿತು. ಹೊಸ ಕಾರುಗಳ ಬಾಗಿಲ ಗಾಜಿಗೆ ಸಣ್ಣ ಬಾಗು ಇರುತ್ತಿತ್ತು, ಮೇಲಾಗಿ ಅದು ಟಫನ್ಡ್ ಗಾಜು. ಇದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ಗಾಳಿ ಹಾಯಿಸಿ ಥಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಆರುವ ಒಳಭಾಗ ಅದನ್ನು ಬಿಗಿದು ಎಳೆಯುತ್ತದೆ. ಆ ಬಿಗಿತದಿಂದಲೇ ಗಾಜಿಗೆ ಬಲ. ಎಲ್ಲಾದರೂ ಒಂದು ಕಡೆ ಅದು ತಪ್ಪಿದರೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಪುಡಿಪುಡಿಯಾಗಿ ಸುರಿಯುತ್ತದೆ. ಇದಕ್ಕೆ ಕಟರ್ ಹಾಕುವಂತಿಲ್ಲ. ಕತ್ತರಿಸುವುದು, ತೂತು ಕೊರೆಯುವುದು ಎಲ್ಲ ಕಾಯಿಸುವ ಮುಂಚೆಯೇ ಆಗಬೇಕು. ಜೀವ ಉಳಿಸುವ ಗಾಜು ಬಂತು. ಫೋಟೋ ಕಟ್ಟಿನವನ ಕೈಯಿಂದ ಕಾರಿನ ಕೆಲಸ ಜಾರಿತು.

ಅಲ್ಲಿಂದ ಕೆಲಸ ಶಿವಮೊಗ್ಗಕ್ಕೆ ಹೋಯಿತು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ವಿಚಾರಿಸಬೇಕು, ಇಲ್ಲದಿದ್ದರೆ ಬೆಂಗಳೂರಿನಿಂದ ತರಿಸಬೇಕು. ಹುಲ್ಲು, ಗೋಣಿಯಲ್ಲಿ ಸುತ್ತಿದ ಗಾಜು ರಾತ್ರಿ ಬಸ್ಸಿನಲ್ಲಿ ಬರುವವರೆಗೆ ಕಿಟಕಿಗೆ ಪ್ಲಾಸ್ಟಿಕ್ ಹಾಳೆಯೇ ಗತಿ. ಅಂಗಡಿಯವರು ಯಾವ ಮಾಡೆಲ್, ಯಾವ ವರ್ಷ, ಎಡವೋ ಬಲವೋ ಎಂದು ಕೇಳುವುದನ್ನು ಕಲಿತರು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಕೂಡದೆಂದು ತೀರ್ಪು ಕೊಟ್ಟಾಗ, ಫಿಲ್ಮ್ ನಂಬಿದ್ದ ಅಂಗಡಿಗಳಿಗೆ ದೊಡ್ಡ ಪೆಟ್ಟು ಬಿತ್ತು. ಇತ್ತ ಪೇಪರ್ ಮಿಲ್ ನಿಂತಿತು, ಕಬ್ಬಿಣದ ಕಾರ್ಖಾನೆ ಸೊರಗಿತು. ಅಂಗಳದಲ್ಲಿ ಬಿಚ್ಚಿ ಕೂರುವ ಅಭ್ಯಾಸವೂ ಕಡಿಮೆಯಾಯಿತು.

ಈಗ ಗಾಜು ಮನೆಗೇ ಬರುತ್ತದೆ. ನಮ್ಮ ಹಳೆಯ ಕಾರಿನ ಹಿಂದಿನ ಎಡಬಾಗಿಲ ಗಾಜು ಒಡೆದಾಗ ನಾನೇ ಹಾಕಿದೆ. ಪಕ್ಕದಲ್ಲಿ ನಿಂತು ಹೇಳಿಕೊಟ್ಟವರು ನಿವೃತ್ತ ಫಿಟ್ಟರ್ ಒಬ್ಬರು. ಗಾಜು ಏರಿಸಿಳಿಸುವ ಹ್ಯಾಂಡಲ್ ಹಿಂದೆ ಬಟ್ಟೆಯ ಪಟ್ಟಿ ತೂರಿಸಿ ಆಚೆ ಈಚೆ ಎಳೆದರೆ ಒಳಗಿನ ಲಾಕ್ ಹಾರಿ ಬರುತ್ತದೆ. ಡೋರ್ ಪ್ಯಾಡನ್ನು ಕ್ಲಿಪ್ ಇರುವ ಕಡೆಯೇ ಮೀಟಬೇಕು. ಪ್ಯಾಡ್ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹರಿಯಬಾರದು. ಹಿಂಬಾಗಿಲಿನ ತೊಡಕು ಇರುವುದು ಸಣ್ಣ ತ್ರಿಕೋನದ ಗಾಜಿನ ಪಕ್ಕದ ಪಟ್ಟಿಯಲ್ಲಿ. ಅದರ ಸ್ಕ್ರೂ ಬಿಚ್ಚಿ ಪಟ್ಟಿ ಸರಿಸದ ಹೊರತು ಹೊಸ ಗಾಜು ಒಳಗಿಳಿಯದು. ಇಳಿದ ಮೇಲೂ ಗಾಜನ್ನು ಎತ್ತುವ ಮೆಷಿನ್ನಿನ ಬೋಲ್ಟನ್ನು ಒಮ್ಮೆಲೇ ಬಿಗಿಯುವಂತಿಲ್ಲ. ಗಾಜನ್ನು ಪೂರ್ತಿ ಮೇಲಕ್ಕೇರಿಸಿ, ರಬ್ಬರಿನಲ್ಲಿ ನೇರ ಕೂತಿದೆಯೇ ನೋಡಿ ಬಿಗಿಯಬೇಕು.

ಅವರು ಹೆಚ್ಚು ಹೊತ್ತು ಕಳೆದದ್ದು ಗಾಜು ಕೂರಿಸುವುದರಲ್ಲಲ್ಲ, ಹಳೆಯ ಚೂರು ತೆಗೆಯುವುದರಲ್ಲಿ. ರಬ್ಬರಿನ ಸಂದಿಯಲ್ಲಿ ಒಂದು ಹರಳು ಉಳಿದರೂ ಹೊಸ ಗಾಜಿಗೆ ಗೀರು ಬೀಳುತ್ತದೆ. ಬಾಗಿಲ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ. ಮಳೆನೀರು ಬೀಡಿಂಗ್ ದಾಟಿ ಒಳಗಿಳಿಯುವುದು ಸಹಜ, ಆ ತೂತುಗಳಲ್ಲೇ ಹೊರಹೋಗಬೇಕು. ಚೂರು ಕಟ್ಟಿಕೊಂಡರೆ ಮಲೆನಾಡಿನ ಮಳೆಗೆ ತಗಡು ಒಳಗಿನಿಂದ ತುಕ್ಕು ತಿನ್ನುತ್ತದೆ. ಅವರು ತಂತಿ ಹಾಕಿ ಒಂದೊಂದೇ ತೂತು ಬಿಡಿಸಿದರು, ಮಗ್ಗಿನಲ್ಲಿ ನೀರು ಹೊಯ್ದು ಕೆಳಗೆ ಸುರಿಯುವುದನ್ನು ತೋರಿಸಿದರು. ಆಮೇಲೆಯೇ ಪ್ಲಾಸ್ಟಿಕ್ ಹಾಳೆ ಅಂಟಿಸಲು ಬಿಟ್ಟರು.

ಗಾಜು ಕತ್ತರಿಸುವ ಕೈ ಇಂದು ಬೇಕಿಲ್ಲ, ಅದಕ್ಕೆ ಕೊರಗಬೇಕಾಗಿಯೂ ಇಲ್ಲ. ಆದರೆ ಪ್ಯಾಡ್ ಮುಚ್ಚಿದ ಮೇಲೆ ಯಾರಿಗೂ ಕಾಣದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಗುಣ ಬೇಕು. ಭದ್ರಾವತಿಯ ಕಾರ್ಖಾನೆಗಳು ಕಬ್ಬಿಣ, ಕಾಗದದ ಜೊತೆಗೆ ಇದನ್ನೂ ಕಲಿಸಿದ್ದವು. ಬಲ್ಲ ಹಿರಿಯರು ಇನ್ನೂ ನಮ್ಮ ಬೀದಿಗಳಲ್ಲಿದ್ದಾರೆ. ನಿಮ್ಮ ಕಾರಿನ ಗಾಜು ಒಡೆದರೆ ಅವರನ್ನು ಕರೆದು, ಜೊತೆಗೆ ಕೂತು ಕಲಿಯಿರಿ. ಗ್ಯಾರೇಜಿಗೇ ಕೊಡುವುದಾದರೆ, ಪ್ಯಾಡ್ ಹಾಕುವ ಮುಂಚೆ ಬಾಗಿಲ ತಳ ತೋರಿಸಿ ಎಂದು ಕೇಳಿ.