ಹೊಂಡಕ್ಕೆ ಬೀಗ

ನನ್ನ ನೌಕರಿ ವಿಜಯಪುರದಲ್ಲಿ, ಮನೆಯವರ ದ್ರಾಕ್ಷಿ ತೋಟ ತಿಕೋಟಾ ಹತ್ತಿರ. ಬೇಸಿಗೆ ಬಂತಂದ್ರೆ ಆಫೀಸಿನ ಗೆಳೆಯರದ್ದು ಒಂದೇ ಪ್ರಶ್ನೆ: "ಭಾನುವಾರ ನಿಮ್ಮ ಹೊಂಡದಾಗ ಈಜಾಕ ಬರ್ಲೇನು?"

ನಮ್ಮ ಕಡೆ ಇಲ್ಲ ಅನ್ನೋದು ಕಷ್ಟ. ಬಾವಿಗೆ ಈಜಲು ಬಂದವರನ್ನು ಹಿರಿಯರು ತಡೆದವರಲ್ಲ. ಆದರೆ ಹಳೇ ಬಾವಿಗೆ ಮೆಟ್ಟಿಲಾದರೂ ಇದ್ದವು. ಕೃಷಿ ಹೊಂಡಕ್ಕೆ ಹಾಸಿರೋದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪಾಚಿ. ಇಳಿಯೋದು ಸಲೀಸು. ಹತ್ತುವಾಗ ಮಾತ್ರ ಈಜು ಬಲ್ಲವರಿಗೂ ಕೈಗೆ ಹಿಡಿತ ಸಿಗಲ್ಲ.

ಇದು ನನಗೆ ಗೊತ್ತು, ಬರೋ ಗೆಳೆಯನಿಗೆ ಗೊತ್ತಿಲ್ಲ. ಕಾನೂನು ಹಿಡಿಯೋದೂ ಇದನ್ನೇ. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯ 57ನೇ ಕಲಂ ಪ್ರಕಾರ, ಜಾಗ ಬಳಸಲು ಅನುಮತಿ ಕೊಟ್ಟವರು ತಮಗೆ ತಿಳಿದಿರುವ, ಬಂದವರಿಗೆ ತಿಳಿಯದ ಅಪಾಯವನ್ನು ಹೇಳಲೇಬೇಕು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ್ದು ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ 5 ವರ್ಷದವರೆಗೆ ಜೈಲು.

ಗೆಳೆಯರಿಗೆ ಇದನ್ನೆಲ್ಲಾ ಹೇಳಿದೆ. ದ್ರಾಕ್ಷಿ ತಿನ್ನಾಕ ಬರ್ರಿ, ಈಜಾಕ ಬ್ಯಾಡ ಅಂದೆ. ಒಬ್ಬ ಸ್ವಲ್ಪ ದಿನ ಮುನಿಸಿಕೊಂಡ.

ಆಮೇಲೆ ಸುತ್ತಲೂ ತಂತಿಬೇಲಿ ಹಾಕಿಸಿ ಗೇಟಿಗೆ ಬೀಗ ಜಡಿದೆವು. ಬಬಲೇಶ್ವರದ ಸೋದರಮಾವ ನಕ್ಕರು: "ನೀರಿಗೂ ಕೀಲಿ ಏನಪ್ಪಾ?"

"ಮಾಮಾ, ಗೆಳ್ಯಾರು ಕೇಳಿ ಬರ್ತಾರ. ಸಾಲಿ ಸೂಟಿ ಇದ್ದಾಗ ಹುಡುಗ್ರು ಕೇಳಿ ಬರ್ತಾವೇನು?"

ಮಾವ ಸುಮ್ಮನಾದರು. ಮುಂದಿನ ವಾರ ಫೋನ್ ಮಾಡಿ ತಂತಿ ಎಲ್ಲಿ ತಂದ್ರಿ ಅಂತ ಕೇಳಿದರು.

ನಿಮ್ಮ ಹೊಲದಲ್ಲೂ ಹೊಂಡ ಇದ್ದರೆ, ಊರಿಗೆ ಹೋದಾಗ ಬೇಲಿ ನೋಡಿ. ಜೊತೆಗೆ ದಂಡೆಯ ಗೂಟಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ, ನೀರಿಗೆ ಇಳಿಬಿಡಿ.