ಸೋದರಮಾವ ಬರುವ ಹೊತ್ತು

ತುಮಕೂರಿನ ಆ ಮನೆಯಲ್ಲಿ ಫೆಬ್ರುವರಿಯಲ್ಲಿ ಮದುವೆ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ 8.45ಕ್ಕೆ ಧಾರೆ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಇರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಒಂದು ದಿನ ಅವನ ಫೋನ್ ಬಂತು: "ಶುಕ್ರವಾರ ರಾತ್ರಿ 8.30ಕ್ಕೆ ವಿಮಾನ ಇದೆ. ನಡುವೆ ಇಳಿದು ಹತ್ತೋದೂ ಸೇರಿ 22 ಗಂಟೆ. ಟಿಕೆಟ್ ತೆಗೀಲಾ?"

ತಾತ ಬೆರಳು ಮಡಿಸಿದರು. ಎಂಟೂವರೆಗೆ 22 ಗಂಟೆ ಕೂಡಿಸಿದರೆ ಶನಿವಾರ ಸಂಜೆ ಆರೂವರೆ. "ತೆಗಿ, ಆರತಕ್ಷತೆ ಮುಗಿಯೋದರೊಳಗೆ ಬಂದುಬಿಡ್ತೀಯ" ಎಂದರು. ಅವಸರದಲ್ಲಿ ಅವನೂ "ಆಯ್ತು" ಎಂದ.

ಮದುವೆ ಹುಡುಗಿಯ ತಂಗಿ ಒಂಬತ್ತನೇ ತರಗತಿ. ಮಾವ ಬರುವ ದಾರಿ ನೋಡೋಣವೆಂದು ಗೋಡೆಯ ಭೂಪಟದ ಮೇಲೆ ಸ್ಕೇಲಿಟ್ಟಳು. ಗೆರೆ ಅಟ್ಲಾಂಟಿಕ್ ದಾಟಿ, ಆಫ್ರಿಕದ ಮೇಲೆ ಹಾದು ಬಂತು. ಆಮೇಲೆ 30 ಸೆಂ.ಮೀ. ವ್ಯಾಸದ ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿದಳು. ದಾರ ಆಫ್ರಿಕದ ಕಡೆ ತಲೆಯೇ ಹಾಕಲಿಲ್ಲ. ಅಲಾಸ್ಕಾ, ಸೈಬೀರಿಯಾ, ಟಿಬೆಟ್ ಎಂದು ಇಳಿದುಬಂತು! ಗುಂಡಾದ ಭೂಮಿಯನ್ನು ಚಪ್ಪಟೆ ಮಾಡಿದರೆ ಭೂಪಟ ಇಂಥ ಸುಳ್ಳು ಹೇಳಲೇಬೇಕು. ದಾರದ ಉದ್ದ 33 ಸೆಂ.ಮೀ., ಗ್ಲೋಬಿನ ಸುತ್ತಳತೆ 94. ಭೂಮಿಯ ಸುತ್ತಳತೆ 40,000 ಕಿ.ಮೀ. ಎಂದು ಹಿಡಿದರೆ ದೂರ ಸುಮಾರು 14,000 ಕಿ.ಮೀ. ಆಯಿತು. ಹೊಲಿಗೆ ದಾರದಿಂದ ಇಷ್ಟು ಸಿಕ್ಕಿದ್ದು ಕಡಿಮೆಯೇನಲ್ಲ.

ದಾರಕ್ಕೆ ಸಿಗದ್ದು ಗಡಿಯಾರ. ನಮ್ಮ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎಂಟು ಗಂಟೆ ಹಿಂದೆ. ಒಟ್ಟು ವ್ಯತ್ಯಾಸ ಹದಿಮೂರೂವರೆ. (ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಹನ್ನೆರಡೂವರೆ.) ಮಾವ ಶುಕ್ರವಾರ ರಾತ್ರಿ ಹೊರಡುವಾಗಲೇ ಇಲ್ಲಿ ಶನಿವಾರ ಬೆಳಿಗ್ಗೆ ಹತ್ತು. ಅದಕ್ಕೆ 22 ಗಂಟೆ ಕೂಡಿಸಿ ನೋಡಿದಳು. ಭಾನುವಾರ ಬೆಳಿಗ್ಗೆ ಎಂಟು.

"ತಾತ, ಮಾವ ದೇವನಹಳ್ಳಿಯಲ್ಲಿ ಇಳಿಯೋದೇ ಭಾನುವಾರ ಎಂಟು ಗಂಟೆಗೆ!"

"ಒಂದು ದಿನ ಎಲ್ಲಿ ಹೋಯ್ತೇ?"

ತಾತನ ಪ್ರಶ್ನೆ ಬಾಲಿಶವಲ್ಲ. 2021ರ ಜನವರಿ 9ರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ ಎಲ್ಲೂ ನಿಲ್ಲದೆ ಬೆಂಗಳೂರು ಮುಟ್ಟಿತು. ಪೈಲಟ್‌ಗಳೆಲ್ಲ ಮಹಿಳೆಯರು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ದಾರ ತೋರಿಸುವುದಕ್ಕಿಂತಲೂ ಉತ್ತರಕ್ಕೆ, ಧ್ರುವದ ಮೇಲೆಯೇ ಹಾದು ಬಂದರು. ಹಾರಿದ್ದು ಸುಮಾರು 17 ಗಂಟೆ. ಇಳಿದಾಗ ಇಲ್ಲಿ 11ನೇ ತಾರೀಖು, ಬೆಳಗಿನ ಜಾವ ಮೂರು ದಾಟಿತ್ತು. ಪ್ರಯಾಣಿಕರ ಪಾಲಿಗೆ 10ನೇ ತಾರೀಖು ಪೂರ್ತಿ ಆಕಾಶದಲ್ಲೇ ಕರಗಿತ್ತು. ತಿರುಗಿ ಹೋಗುವಾಗ ಆ ದಿನ ವಾಪಸು ಸಿಗುತ್ತದೆ, ಆದರೆ ಧಾರೆಯ ಮುಹೂರ್ತ ಸಿಗುವುದಿಲ್ಲವಲ್ಲ!

ವಿಮಾನದಿಂದ ಇಳಿದು, ಪೆಟ್ಟಿಗೆ ತೆಗೆದುಕೊಂಡು ತುಮಕೂರಿಗೆ ಬರುವಷ್ಟರಲ್ಲಿ ಊಟದ ಎಲೆ ಹಾಕಿರುತ್ತಿದ್ದರು. ತಾತ ಆ ಕ್ಷಣವೇ ಫೋನ್ ಮಾಡಿಸಿದರು. "ಧಾರೆ ಅಷ್ಟು ಬೆಳಿಗ್ಗೆ ಅಂತ ಯಾರು ಹೇಳಿದ್ರು ನನಗೆ?" ಎಂದು ಮಾವ ರೇಗಿದ. ಪುಣ್ಯಕ್ಕೆ ಟಿಕೆಟ್ ಇನ್ನೂ ತೆಗೆದಿರಲಿಲ್ಲ. ಇನ್ನೊಂದು ದಿನ ರಜೆ ಬೇಡಿ, ಗುರುವಾರ ರಾತ್ರಿಯೇ ಹೊರಟ.

ಶನಿವಾರ ಬೆಳಿಗ್ಗೆ ಬಂದವನು ಸಂಜೆಯ ಆರತಕ್ಷತೆಯಲ್ಲಿ ಬಾಯಿ ಮುಚ್ಚದಷ್ಟು ಆಕಳಿಸಿದ. ಅವನ ಊರಲ್ಲಿ ಆಗಿನ್ನೂ ನಸುಕು. ಎಲ್ಲ ಫೋಟೋಗಳಲ್ಲೂ ಕಣ್ಣು ಮುಚ್ಚಿಯೇ ಇದ್ದಾನೆ, ಧಾರೆಯ ಒಂದನ್ನು ಬಿಟ್ಟು.